ಟೋಲ್ ಸರತಿಯಿಂದ ಟರ್ಬೊ ಕಂಪೈಲರ್‌ವರೆಗೆ: ಬೇಸ್ ಪಾಯಿಂಟರ್ ನಾಗಪುರಕ್ಕೆ ಬಂದ ಬಗೆ

ನಾಗಪುರದ ಚರಿತ್ರೆಯನ್ನು ಬರೆದವರು ಗೊಂಡ ಅರಸರ ಕೋಟೆಯನ್ನೂ ಭೋಂಸಲೆಗಳ ದರಬಾರನ್ನೂ, 1867ರಲ್ಲಿ ಮುಂಬಯಿಯ ಕಡೆಯಿಂದ ಬಂದ ರೈಲನ್ನೂ, 1877ರ ಜನವರಿ 1ರಂದು ಜಮ್‌ಶೆಟ್‌ಜಿ ಟಾಟಾ ಆರಂಭಿಸಿದ ಎಂಪ್ರೆಸ್ ಮಿಲ್ಲನ್ನೂ, ವಿದರ್ಭದ ಹತ್ತಿ ಮತ್ತು ಕಿತ್ತಳೆಯ ವ್ಯಾಪಾರವನ್ನೂ ವಿಸ್ತಾರವಾಗಿ ವರ್ಣಿಸುವುದು ವಾಡಿಕೆ. ಕಳೆದ ನಾಲ್ಕು ದಶಕಗಳಲ್ಲಿ ಅದೇ ಊರಿನಲ್ಲಿ ಬೇರೂರಿದ ಇನ್ನೊಂದು ಕಸುಬು, ಅಂದರೆ ಕಂಪ್ಯೂಟರ್ ಪ್ರೋಗ್ರಾಮಿಂಗ್ ಕಲಿಸುವ ಮತ್ತು ಅದಕ್ಕೆ ಪಠ್ಯಪುಸ್ತಕ ಬರೆಯುವ ಕಸುಬು, ಆ ವರ್ಣನೆಗಳಲ್ಲಿ ಅಷ್ಟಾಗಿ ಕಾಣಿಸಿಕೊಳ್ಳುವುದಿಲ್ಲ. ನಾಗಪುರದಲ್ಲಿ ಬರೆದ ಪುಸ್ತಕಗಳನ್ನು ಓದಿಯೇ ಕರ್ನಾಟಕದ ಎಂಜಿನಿಯರಿಂಗ್ ವಿದ್ಯಾರ್ಥಿಗಳೂ ಪರೀಕ್ಷೆಗೆ ಕೂತಿದ್ದಾರೆ ಎಂಬುದನ್ನು ನೆನೆದರೆ, ಈ ಕಸುಬಿನ ಚರಿತ್ರೆ ಕನ್ನಡ ಓದುಗರಿಗೂ ಹೊರಗಿನದಲ್ಲ. ಅದರ ಇಡೀ ಕಥನ ಈ ಪ್ರಬಂಧದ ವ್ಯಾಪ್ತಿಗೆ ಮೀರಿದ್ದು. ಅದರೊಳಗಿನ ಒಂದೇ ಒಂದು ಪಾಠ ಎಲ್ಲಿ ಹುಟ್ಟಿತು, ಯಾವ ದಾರಿಯಲ್ಲಿ ನಾಗಪುರದ ತರಗತಿಗಳಿಗೆ ಬಂತು, ಬರುವಾಗ ಏನನ್ನು ಕಳೆದುಕೊಂಡಿತು ಎಂಬುದನ್ನು ಪರಿಶೀಲಿಸುವುದಷ್ಟೇ ಇಲ್ಲಿನ ಉದ್ದೇಶ.

ಆ ಪಾಠದ ತಿರುಳನ್ನು ಮೊದಲು ಹೇಳಬೇಕು. ಸಿ ಪ್ಲಸ್ ಪ್ಲಸ್‌ನಂಥ ಭಾಷೆಯಲ್ಲಿ, ಒಂದು ಬಗೆಯ ವಸ್ತುವಿನಲ್ಲಿ ಯಾವ ಯಾವ ಮಾಹಿತಿ ಇರಬೇಕು, ಅದು ಯಾವ ಯಾವ ಕೆಲಸ ಮಾಡಬಲ್ಲದು ಎಂಬುದನ್ನು ನಮೂದಿಸುವ ವಿವರಣೆಗೆ ಕ್ಲಾಸ್ ಎಂದೂ, ಆ ವಿವರಣೆಯ ಪ್ರಕಾರ ಮೆಮೊರಿಯಲ್ಲಿ ಜಾಗ ಹಿಡಿಯುವ ಒಂದೊಂದು ನಿದರ್ಶನಕ್ಕೆ ಆಬ್ಜೆಕ್ಟ್ ಎಂದೂ ಹೆಸರು. ಒಂದು ಕ್ಲಾಸಿನ ವಿವರಣೆಯನ್ನು ಹಾಗೆಯೇ ಉಳಿಸಿಕೊಂಡು, ಅದಕ್ಕೆ ಹೊಸ ಅಂಶಗಳನ್ನು ಸೇರಿಸಿ ಇನ್ನೊಂದು ಕ್ಲಾಸನ್ನು ಕಟ್ಟಿದಾಗ ಮೊದಲನೆಯದು ಬೇಸ್ ಕ್ಲಾಸ್, ಎರಡನೆಯದು ಡಿರೈವ್ಡ್ ಕ್ಲಾಸ್ ಎನಿಸಿಕೊಳ್ಳುತ್ತವೆ. ಹೀಗೆ ಒಂದರಿಂದ ಇನ್ನೊಂದನ್ನು ಪಡೆಯುವ ಕ್ರಮಕ್ಕೆ ಇನ್ಹೆರಿಟೆನ್ಸ್ ಎನ್ನುತ್ತಾರೆ. ಹಲವು ಆಬ್ಜೆಕ್ಟ್‌ಗಳನ್ನು ಒಟ್ಟಿಗೆ ಇಡಲು ಬಳಸುವ ಅರೇ, ಪಟ್ಟಿ, ಸರತಿ ಮುಂತಾದ ರಚನೆಗಳೆಲ್ಲ ಕಂಟೇನರ್‌ಗಳು. ಕಂಟೇನರಿನ ಮನೆಗಳೆಲ್ಲ ಒಂದೇ ಅಳತೆಯವಾಗಿರುತ್ತವೆ, ಆದರೆ ಒಂದೇ ಬೇಸ್ ಕ್ಲಾಸಿನಿಂದ ಬಂದ ಬೇರೆ ಬೇರೆ ಡಿರೈವ್ಡ್ ಕ್ಲಾಸುಗಳ ಆಬ್ಜೆಕ್ಟ್‌ಗಳು ಒಂದೇ ಅಳತೆಯವಾಗಿರುವುದಿಲ್ಲ. ಆದ್ದರಿಂದ ಆಬ್ಜೆಕ್ಟನ್ನೇ ಕಂಟೇನರಿನಲ್ಲಿ ಇಡದೆ, ಅದು ಮೆಮೊರಿಯಲ್ಲಿ ಎಲ್ಲಿದೆ ಎಂಬ ವಿಳಾಸವನ್ನು ಮಾತ್ರ ಇಡುತ್ತಾರೆ. ವಿಳಾಸವನ್ನು ಹಿಡಿದಿಡುವ ಚರಾಂಶವೇ ಪಾಯಿಂಟರ್. ಆಬ್ಜೆಕ್ಟ್ ಎಷ್ಟೇ ದೊಡ್ಡದಿದ್ದರೂ ವಿಳಾಸದ ಅಳತೆ ಬದಲಾಗುವುದಿಲ್ಲ, ಮತ್ತು ಬೇಸ್ ಕ್ಲಾಸಿಗೆಂದು ಘೋಷಿಸಿದ ಪಾಯಿಂಟರ್ ಅದರಿಂದ ಬಂದ ಯಾವ ಡಿರೈವ್ಡ್ ಆಬ್ಜೆಕ್ಟಿನ ವಿಳಾಸವನ್ನಾದರೂ ಹಿಡಿಯಬಲ್ಲದು. ಹೀಗೆ ಬೇಸ್ ಪಾಯಿಂಟರ್‌ಗಳ ಒಂದು ಕಂಟೇನರ್ ಇದ್ದರೆ ಹತ್ತು ಬಗೆಯ ಆಬ್ಜೆಕ್ಟ್‌ಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ, ಮೊದಲಿನಿಂದ ಕೊನೆಯವರೆಗೆ ಒಂದೇ ಲೂಪಿನಲ್ಲಿ ಮಾತನಾಡಿಸಬಹುದು.

ಪಠ್ಯಪುಸ್ತಕಗಳಲ್ಲಿ ಈ ತಂತ್ರ ಕೊನೆಯ ಅಧ್ಯಾಯಗಳಲ್ಲಿ, ಇನ್ಹೆರಿಟೆನ್ಸಿನ ಒಂದು ಉಪಯೋಗವೆಂಬಂತೆ ಬರುತ್ತದೆ. ಚರಿತ್ರೆಯಲ್ಲಿ ಅದರ ಸ್ಥಾನ ತಿರುಗುಮುರುಗು. ಬೇರೆ ಬೇರೆ ಬಗೆಯ ವಸ್ತುಗಳನ್ನು ಒಂದೇ ಸರತಿಯಲ್ಲಿ ನಿಲ್ಲಿಸಬೇಕಾದ ಅಗತ್ಯವೇ ಮೊದಲು ಬಂದದ್ದು, ಅದನ್ನು ನೀಗಿಸಲೆಂದೇ ಇನ್ಹೆರಿಟೆನ್ಸ್ ಹುಟ್ಟಿದ್ದು.

ಹುಟ್ಟಿದ ಸ್ಥಳ ನಾರ್ವೆಯ ಓಸ್ಲೋ. ಅಲ್ಲಿನ ನಾರ್ವೇಜಿಯನ್ ಕಂಪ್ಯೂಟಿಂಗ್ ಸೆಂಟರಿನಲ್ಲಿ ಕ್ರಿಸ್ಟೆನ್ ನ್ಯೂಗಾರ್ಡ್ ಮತ್ತು ಓಲೆ ಯೋಹಾನ್ ದಾಲ್ ಎಂಬ ಇಬ್ಬರು 1960ರ ದಶಕದ ಮೊದಲ ವರ್ಷಗಳಲ್ಲಿ ಸಿಮ್ಯುಲಾ ಎಂಬ ಭಾಷೆಯನ್ನು ರೂಪಿಸುತ್ತಿದ್ದರು. ಕಾರ್ಖಾನೆ, ಬಂದರು, ರಸ್ತೆಗಳಂಥ ವ್ಯವಸ್ಥೆಗಳಲ್ಲಿ ಯಾರು ಎಷ್ಟು ಹೊತ್ತು ಕಾಯುತ್ತಾರೆ, ಸರತಿ ಎಲ್ಲಿ ಬೆಳೆಯುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಅನುಕರಿಸಿ ನೋಡುವ ವಿದ್ಯೆಗೆ ಸಿಮ್ಯುಲೇಷನ್ ಎಂದು ಹೆಸರು. ಭಾಷೆಯ ಹೆಸರು ಬಂದದ್ದೂ ಅಲ್ಲಿಂದಲೇ. ಮೊದಲ ಆವೃತ್ತಿಯಲ್ಲಿ ವ್ಯವಸ್ಥೆಯ ಪ್ರತಿಯೊಂದು ಪಾತ್ರವೂ ತನ್ನದೇ ಮಾಹಿತಿ ಮತ್ತು ತನ್ನದೇ ಕ್ರಿಯಾಕ್ರಮವುಳ್ಳ ಒಂದು ಪ್ರೋಸೆಸ್ ಆಗಿತ್ತು. ಬಳಕೆ ಹೆಚ್ಚಿದಂತೆ ಎರಡು ಕೊರತೆಗಳು ಕಂಡುಬಂದವು. ಎರಡು ಬಗೆಯ ಪ್ರೋಸೆಸ್‌ಗಳು ಬಹುಪಾಲು ಒಂದೇ ತೆರನಾಗಿದ್ದು ಕೆಲವು ವಿಷಯಗಳಲ್ಲಿ ಮಾತ್ರ ಬೇರೆಯಾಗಿದ್ದರೂ ಎರಡನ್ನೂ ಪೂರ್ತಿಯಾಗಿ, ಪ್ರತ್ಯೇಕವಾಗಿ ಬರೆಯಬೇಕಾಗುತ್ತಿತ್ತು. ಅವುಗಳನ್ನು ಸರತಿಗೆ ಸೇರಿಸುವ ಪಟ್ಟಿಯ ಏರ್ಪಾಡು ಎಲ್ಲದಕ್ಕೂ ಹೊಂದುವಷ್ಟು ಸಾಮಾನ್ಯವಾಗಿದ್ದುದರಿಂದಲೇ ಬಳಸಲು ದುಬಾರಿಯಾಗಿತ್ತು.

1966ರಲ್ಲಿ ಫ್ರಾನ್ಸಿನ ವಿಲಾರ್ ದ ಲಾನ್ಸ್ ಎಂಬಲ್ಲಿ ನಡೆದ ಬೇಸಿಗೆ ಶಾಲೆಯಲ್ಲಿ ದಾಲ್ ಅವರೂ ಬ್ರಿಟನ್ನಿನ ಟೋನಿ ಹೋರ್ ಅವರೂ ಉಪನ್ಯಾಸ ನೀಡಿದರು. ಹೋರ್ ಮಂಡಿಸಿದ್ದು ರೆಕಾರ್ಡ್ ಎಂಬ ಮಾಹಿತಿಯ ಘಟಕಗಳನ್ನೂ ಅವುಗಳನ್ನು ಸೂಚಿಸುವ ರೆಫರೆನ್ಸ್‌ಗಳನ್ನೂ ಕುರಿತ ವಿಚಾರ. ಒಂದು ರೆಫರೆನ್ಸ್ ಯಾವ ಕ್ಲಾಸಿನ ರೆಕಾರ್ಡನ್ನು ಸೂಚಿಸಬಹುದು ಎಂಬುದನ್ನು ಮೊದಲೇ ಘೋಷಿಸಿಬಿಟ್ಟರೆ, ಪ್ರೋಗ್ರಾಂ ಓಡುವ ಮುನ್ನವೇ ಕಂಪೈಲರ್ ತಪ್ಪುಗಳನ್ನು ಹಿಡಿಯಬಲ್ಲದು ಎಂಬುದು ಅದರ ಮುಖ್ಯ ಅಂಶ. ಕಂಪೈಲರ್ ಎಂದರೆ ಮನುಷ್ಯ ಬರೆದ ಪ್ರೋಗ್ರಾಂ ಅನ್ನು ಯಂತ್ರದ ಆದೇಶಗಳಿಗೆ ಇಳಿಸುವ ತಂತ್ರಾಂಶ. ಈ ವಿಚಾರ ಓಸ್ಲೋದ ಇಬ್ಬರಿಗೂ ಹಿಡಿಸಿತು. ಆದರೆ ಅದನ್ನು ಹಾಗೆಯೇ ತೆಗೆದುಕೊಂಡರೆ ಬಗೆಬಗೆಯ ವಸ್ತುಗಳಿರುವ ಪಟ್ಟಿಗೆ ಜಾಗವೇ ಇರಲಿಲ್ಲ, ಏಕೆಂದರೆ ಪಟ್ಟಿಯ ರೆಫರೆನ್ಸಿಗೆ ಒಂದೇ ಕ್ಲಾಸು ಗೊತ್ತು, ಪಟ್ಟಿಯಲ್ಲಿ ನಿಲ್ಲಬೇಕಾದವು ಹಲವು.

ತಮ್ಮ ಭಾಷೆಗಳ ಬೆಳವಣಿಗೆಯನ್ನು ಕುರಿತು 1978ರಲ್ಲಿ ದಾಲ್ ಮತ್ತು ನ್ಯೂಗಾರ್ಡ್ ಮಂಡಿಸಿದ ಪ್ರಬಂಧದಲ್ಲಿ ಬಿಕ್ಕಟ್ಟು ಬಿಡಿಸಿಕೊಂಡ ಉದಾಹರಣೆಯನ್ನು ಅವರೇ ಹೇಳಿದ್ದಾರೆ. ಸೇತುವೆಯೊಂದರ ಮೇಲೆ ಟೋಲ್ ಕಟ್ಟೆ, ಅದರ ಮುಂದೆ ವಾಹನಗಳ ಸರತಿ. ಸರತಿಯಲ್ಲಿರುವವು ಒಂದೋ ಟ್ರಕ್ಕು ಇಲ್ಲವೇ ಬಸ್ಸು. ಸರತಿಯಲ್ಲಿ ನಿಲ್ಲಲು ಬೇಕಾದದ್ದು ಹಿಂದಿನ ಮತ್ತು ಮುಂದಿನ ವಾಹನ ಯಾವುದೆಂಬ ಕೊಂಡಿ ಮಾತ್ರ, ಅದಕ್ಕೂ ಟ್ರಕ್ಕಿನಲ್ಲಿ ಎಷ್ಟು ಸರಕಿದೆ ಎಂಬುದಕ್ಕೂ ಸಂಬಂಧವಿಲ್ಲ. ಹಾಗಿದ್ದರೆ ಬರಿಯ ಕೊಂಡಿಯನ್ನೇ ಒಂದು ಕ್ಲಾಸಾಗಿ ಬರೆದು, ಟ್ರಕ್ಕಿನ ವಿವರಣೆಯನ್ನೂ ಬಸ್ಸಿನ ವಿವರಣೆಯನ್ನೂ ಅದಕ್ಕೆ ಅಂಟಿಸಿ, ಕೊಂಡಿ ಮತ್ತು ವಾಹನ ಸೇರಿ ಒಂದೇ ಆಬ್ಜೆಕ್ಟ್ ಆಗುವಂತೆ ಮಾಡಿದರೆ ಎರಡೂ ಕೊರತೆಗಳು ಒಟ್ಟಿಗೆ ತೀರುತ್ತವೆ ಎಂದು ಅವರಿಗೆ ಹೊಳೆಯಿತು. ಪಟ್ಟಿಗೆ ಗೊತ್ತಿರುವುದು ಕೊಂಡಿ ಮಾತ್ರ, ಕೊಂಡಿಯ ಹಿಂದೆ ಇರುವುದು ಟ್ರಕ್ಕೋ ಬಸ್ಸೋ ಎಂಬುದು ಅದಕ್ಕೆ ಬೇಕಿಲ್ಲ. ಒಂದು ಕ್ಲಾಸಿನ ಹೆಸರನ್ನು ಇನ್ನೊಂದರ ಘೋಷಣೆಯ ಮುಂದೆ ಬರೆಯುವುದರಿಂದ ಈ ಅಂಟಿಸುವಿಕೆಗೆ ಪ್ರಿಫಿಕ್ಸಿಂಗ್ ಎಂದು ಹೆಸರಾಯಿತು. ಇಂದಿನ ಇನ್ಹೆರಿಟೆನ್ಸ್ ಅದೇ. 1967ರ ಮೇ ತಿಂಗಳಲ್ಲಿ ಓಸ್ಲೋ ಬಳಿಯ ಲೀಸೆಬು ಎಂಬಲ್ಲಿ ನಡೆದ ಸಮ್ಮೇಳನದಲ್ಲಿ ಕ್ಲಾಸ್ ಮತ್ತು ಸಬ್‌ಕ್ಲಾಸ್ ಘೋಷಣೆಗಳ ಕುರಿತ ಅವರ ಪ್ರಬಂಧ ಬಂತು, ಅದೇ ವರ್ಷ ಹೊಸ ಭಾಷೆಗೆ ಸಿಮ್ಯುಲಾ 67 ಎಂದು ಹೆಸರಿಟ್ಟರು.

ಈ ಉದಾಹರಣೆ ನಾಗಪುರಕ್ಕೆ ಪರಕೀಯವಲ್ಲ. ವಾರಾಣಸಿಯಿಂದ ಬೆಂಗಳೂರಿನ ಮೂಲಕ ಕನ್ಯಾಕುಮಾರಿಗೆ ಹೋಗುತ್ತಿದ್ದ ಹಳೆಯ 7ನೇ ಸಂಖ್ಯೆಯ ಹೆದ್ದಾರಿಯೂ, ಹಜೀರಾದಿಂದ ಕೋಲ್ಕತ್ತಕ್ಕೆ ಹೋಗುತ್ತಿದ್ದ 6ನೇ ಸಂಖ್ಯೆಯದೂ ಕೂಡುತ್ತಿದ್ದ ಊರು ಅದು. ಈಗ ಶ್ರೀನಗರದಿಂದ ಕನ್ಯಾಕುಮಾರಿಯವರೆಗಿನ 44ನೇ ಹೆದ್ದಾರಿಯಲ್ಲಿ ನಾಗಪುರ ಮತ್ತು ಬೆಂಗಳೂರು ಎರಡೂ ಇವೆ. ನಾಗಪುರದಿಂದ ದಕ್ಷಿಣಕ್ಕೆ ಹೊರಟರೆ ಸಿಗುವ ಟೋಲ್ ಕಟ್ಟೆಯ ಸರತಿಯನ್ನು ಪ್ರೋಗ್ರಾಮಿಗೆ ಇಳಿಸುವುದಾದರೆ, ವಾಹನ ಎಂಬ ಬೇಸ್ ಕ್ಲಾಸು, ಕಾರು, ಲಘು ವಾಣಿಜ್ಯ ವಾಹನ, ಬಸ್ಸು, ಟ್ರಕ್ಕು, ಹಲವು ಆಕ್ಸಲ್‌ಗಳ ಭಾರಿ ವಾಹನ ಎಂಬ ಡಿರೈವ್ಡ್ ಕ್ಲಾಸುಗಳು ಬೇಕಾಗುತ್ತವೆ. ಸರತಿಯ ಕಂಟೇನರಿನಲ್ಲಿ ಇರುವುದು ವಾಹನದ ಪಾಯಿಂಟರ್‌ಗಳು. ಕಟ್ಟೆಯವನು ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಕೇಳುತ್ತಾನೆ, ನಿನ್ನ ಶುಲ್ಕ ಎಷ್ಟು ಎಂದು. ಉತ್ತರ ಮಾತ್ರ ಆಯಾ ವಾಹನದ ಬಗೆಯನ್ನು ಅವಲಂಬಿಸಿ ಬರಬೇಕು. 2008ರ ಹೆದ್ದಾರಿ ಶುಲ್ಕ ನಿಯಮಗಳ ಪ್ರಕಾರ ಬಸ್ಸಿಗೂ ಎರಡು ಆಕ್ಸಲ್‌ನ ಟ್ರಕ್ಕಿಗೂ ಒಂದೇ ದರವಾದ್ದರಿಂದ, ಓಸ್ಲೋದವರು ಬೇರೆ ಬೇರೆಯೆಂದು ತೆಗೆದುಕೊಂಡ ಎರಡು ವಾಹನಗಳನ್ನು ಇಲ್ಲಿ ನಡುವಿನ ಒಂದು ಕ್ಲಾಸಿನ ಕೆಳಗೆ ತರುವುದೇ ಸರಿಯಾದೀತು. ಯಾವುದು ಬೇಸ್, ಯಾವುದು ಡಿರೈವ್ಡ್ ಎಂಬುದನ್ನು ವಸ್ತುಗಳ ಸ್ವಭಾವಕ್ಕಿಂತ ಅವುಗಳಿಗೆ ಕೇಳುವ ಪ್ರಶ್ನೆಯೇ ಹೆಚ್ಚಾಗಿ ತೀರ್ಮಾನಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸರಳ ನಿದರ್ಶನ ಸಿಗುವುದು ಕಷ್ಟ.

ಒಂದೇ ಪ್ರಶ್ನೆಗೆ ಬಗೆಬಗೆಯ ಉತ್ತರ ಬರಬೇಕಾದರೆ, ಪಾಯಿಂಟರಿನ ಘೋಷಣೆಯಲ್ಲಿ ಏನು ಬರೆದಿದೆ ಎಂಬುದನ್ನು ಬಿಟ್ಟು ಅದರ ತುದಿಯಲ್ಲಿ ನಿಜವಾಗಿ ಏನಿದೆ ಎಂಬುದನ್ನು ಪ್ರೋಗ್ರಾಂ ಓಡುವಾಗಲೇ ನೋಡಿ ಆರಿಸಬೇಕು. ಇಂಥ ಆಯ್ಕೆಗೆ ಒಳಪಡುವ ಕ್ರಿಯೆಗಳನ್ನು ಸಿಮ್ಯುಲಾ 67 ವರ್ಚುಯಲ್ ಎಂದು ಗುರುತಿಸಿತು, ಮತ್ತು ಆ ಪದವನ್ನು ಸಿ ಪ್ಲಸ್ ಪ್ಲಸ್ ಹಾಗೆಯೇ ತೆಗೆದುಕೊಂಡಿತು. ತೆಗೆದುಕೊಂಡವರು ಡೆನ್ಮಾರ್ಕಿನ ಬ್ಯಾರ್ನೆ ಸ್ಟ್ರೌಸ್ಟ್ರಪ್. ಕೇಂಬ್ರಿಡ್ಜಿನಲ್ಲಿ ಸಂಶೋಧನೆ ಮಾಡುತ್ತಿದ್ದಾಗ ಅವರು ಸಿಮ್ಯುಲಾದಲ್ಲಿ ಬರೆದ ಪ್ರೋಗ್ರಾಂ ವಿಚಾರದ ಮಟ್ಟಿಗೆ ಚೊಕ್ಕಟವಾಗಿದ್ದರೂ ಓಟದಲ್ಲಿ ತೀರ ನಿಧಾನವಾಗಿತ್ತು. ಅಮೆರಿಕದ ಬೆಲ್ ಲ್ಯಾಬ್ಸಿಗೆ ಸೇರಿದ ಮೇಲೆ 1979ರಲ್ಲಿ ಅವರು ಸಿಮ್ಯುಲಾದ ಕ್ಲಾಸುಗಳನ್ನು ಸಿ ಭಾಷೆಯ ವೇಗಕ್ಕೆ ಜೋಡಿಸುವ ಕೆಲಸಕ್ಕೆ ಕೈಹಾಕಿದರು. ಮೊದಲು ಸಿ ವಿತ್ ಕ್ಲಾಸಸ್ ಎಂಬ ಹೆಸರಿದ್ದ ಈ ಭಾಷೆಯಲ್ಲಿ ವರ್ಚುಯಲ್ ಫಂಕ್ಷನ್ ಇರಲಿಲ್ಲ. ಆಬ್ಜೆಕ್ಟ್ ಯಾವ ಬಗೆಯದೆಂದು ತಿಳಿಯಲು ಅದರೊಳಗೇ ಒಂದು ಗುರುತಿನ ಸಂಖ್ಯೆ ಇಟ್ಟು, ಬಳಸುವ ಕಡೆಯಲ್ಲೆಲ್ಲ ಅದನ್ನು ಪರೀಕ್ಷಿಸಬೇಕಿತ್ತು, ಹೊಸದೊಂದು ಬಗೆ ಸೇರಿದಾಗ ಅಂಥ ಜಾಗಗಳನ್ನೆಲ್ಲ ಹುಡುಕಿ ತಿದ್ದಬೇಕಿತ್ತು. 1983ರಲ್ಲಿ ವರ್ಚುಯಲ್ ಫಂಕ್ಷನ್ ಸೇರಿತು, ಅದೇ ವರ್ಷ ಭಾಷೆಗೆ ಸಿ ಪ್ಲಸ್ ಪ್ಲಸ್ ಎಂಬ ಹೆಸರೂ ಬಂತು. 1985ರ ಅಕ್ಟೋಬರಿನಲ್ಲಿ ಮೊದಲ ವಾಣಿಜ್ಯ ಆವೃತ್ತಿ ಹೊರಬಿತ್ತು.

ವರ್ಚುಯಲ್ ಫಂಕ್ಷನ್ನಿನ ಒಳಗಿನ ಏರ್ಪಾಡು ಸರಳ. ಇಂಥ ಫಂಕ್ಷನ್ ಇರುವ ಪ್ರತಿ ಕ್ಲಾಸಿಗೂ ಅದರ ವರ್ಚುಯಲ್ ಫಂಕ್ಷನ್‌ಗಳ ವಿಳಾಸಗಳನ್ನು ಬರೆದ ಒಂದು ಕೋಷ್ಟಕವನ್ನು ಕಂಪೈಲರ್ ಸಿದ್ಧಪಡಿಸುತ್ತದೆ, ಅಂಥ ಕ್ಲಾಸಿನ ಪ್ರತಿ ಆಬ್ಜೆಕ್ಟಿನೊಳಗೂ ತನ್ನ ಕ್ಲಾಸಿನ ಕೋಷ್ಟಕವನ್ನು ತೋರಿಸುವ ಒಂದು ಗುಪ್ತ ಪಾಯಿಂಟರನ್ನು ಸೇರಿಸುತ್ತದೆ. ಟ್ರಕ್ಕಿನ ಶುಲ್ಕ ಕೇಳಿದಾಗ ಪ್ರೋಗ್ರಾಂ ಬೇಸ್ ಪಾಯಿಂಟರಿನಿಂದ ಆಬ್ಜೆಕ್ಟಿಗೆ, ಆಬ್ಜೆಕ್ಟಿನಿಂದ ಕೋಷ್ಟಕಕ್ಕೆ, ಕೋಷ್ಟಕದಿಂದ ಸರಿಯಾದ ಫಂಕ್ಷನ್ನಿಗೆ ಹೋಗುತ್ತದೆ. ಖರ್ಚು ಅತ್ಯಲ್ಪ. ಆದರೆ ಈ ವೇಗದ ಭರದಲ್ಲಿ ಸಿಮ್ಯುಲಾದ ಇನ್ನೊಂದು ಭಾಗ ಹಿಂದೆ ಉಳಿಯಿತು. ಸಿಮ್ಯುಲಾದಲ್ಲಿ ಯಾರೂ ಸೂಚಿಸದೆ ಉಳಿದ ಆಬ್ಜೆಕ್ಟ್‌ಗಳನ್ನು ಪತ್ತೆಹಚ್ಚಿ ಅವುಗಳ ಮೆಮೊರಿಯನ್ನು ಮರಳಿ ಪಡೆಯುವ ಗಾರ್ಬೇಜ್ ಕಲೆಕ್ಟರ್ ಇತ್ತು. ಸರತಿಯಿಂದ ಹೊರಬಿದ್ದ ಟ್ರಕ್ಕು ಮೆಮೊರಿಯಿಂದಲೂ ತಾನಾಗಿ ಹೊರಬೀಳುತ್ತಿತ್ತು. ಸಿ ಪ್ಲಸ್ ಪ್ಲಸ್‌ನಲ್ಲಿ ಅದಿಲ್ಲ. ಕಂಟೇನರಿನಲ್ಲಿರುವುದು ವಿಳಾಸ ಮಾತ್ರವಾದ್ದರಿಂದ, ಕಂಟೇನರ್ ಹೋದರೂ ಆಬ್ಜೆಕ್ಟ್ ಉಳಿಯುತ್ತದೆ; ಅದನ್ನು ಅಳಿಸುವ ಹೊಣೆ ಪ್ರೋಗ್ರಾಂ ಬರೆದವನದು. ಈ ತಂತ್ರದ ಮುಂದಿನ ತೊಡಕುಗಳೆಲ್ಲ ಹುಟ್ಟಿದ್ದು ಇಲ್ಲಿಂದಲೇ.

ಇಷ್ಟರಲ್ಲಿ ನಾಗಪುರವೂ ಈ ವಿದ್ಯೆಗೆ ಸಿದ್ಧವಾಗುತ್ತಿತ್ತು. 1956ರಿಂದ ಅಲ್ಲಿ ನಡೆಯುತ್ತಿದ್ದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜನ್ನು ಸೇರಿಸಿಕೊಂಡು 1960ರ ಜೂನ್‌ನಲ್ಲಿ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. 1962ರ ಏಪ್ರಿಲ್‌ನಲ್ಲಿ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ತೀರಿಕೊಂಡರು. ಆ ವರ್ಷದ ಅಕ್ಟೋಬರಿನಲ್ಲಿ ಕಾಲೇಜಿನ ಆಡಳಿತ ಮಂಡಳಿ ಅದಕ್ಕೆ ಅವರ ಹೆಸರನ್ನೇ ಇಡಲು ತೀರ್ಮಾನಿಸಿತು. ಮುದ್ದೇನಹಳ್ಳಿಯ ಎಂಜಿನಿಯರಿನ ಹೆಸರು ಬೆಳಗಾವಿಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಬಂದದ್ದು 1998ರಲ್ಲಿ, ನಾಗಪುರದ ಕಾಲೇಜಿಗೆ ಬಂದು ಮೂವತ್ತಾರು ವರ್ಷಗಳಾದ ಮೇಲೆ. 1983ರಲ್ಲಿ ವಸಂತದಾದಾ ಪಾಟೀಲರ ಸರ್ಕಾರ ಅನುದಾನರಹಿತ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳಿಗೆ ಅನುಮತಿ ಕೊಟ್ಟ ಮೇಲೆ ಮಹಾರಾಷ್ಟ್ರದ ಶಿಕ್ಷಣದ ನಕ್ಷೆಯೇ ಬದಲಾಯಿತು. ನಾಗಪುರದಲ್ಲಿ ಯಶವಂತರಾವ್ ಚವಾಣ್ ಮತ್ತು ರಾಮದೇವಬಾಬಾ ಕಾಲೇಜುಗಳು 1984ರಲ್ಲಿ ಬಂದವು, ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ಇನ್ನೂ ಹಲವು ಸೇರಿದವು. 1984ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಹೊಸ ಕಂಪ್ಯೂಟರ್ ನೀತಿ ಯಂತ್ರಗಳ ಆಮದನ್ನು ಸಡಿಲಗೊಳಿಸಿತು. ಕಾಲೇಜಿನಲ್ಲಿ ಸೀಟು, ಅಂಗಡಿಯಲ್ಲಿ ಪಿಸಿ, ಇವೆರಡೂ ಇದ್ದ ಊರಿನಲ್ಲಿ ಕೊರತೆ ಉಳಿದದ್ದು ಕಲಿಸುವವರದು. ಆ ಕೊರತೆಯನ್ನು ತುಂಬಿದ್ದು ಖಾಸಗಿ ಕ್ಲಾಸುಗಳು.

ಅವುಗಳ ನಡುವೆ ದೇಶದಾದ್ಯಂತ ಹೆಸರಾದದ್ದು ಯಶವಂತ ಕಾನೇಟ್ಕರ್ ಅವರದು. ಮುಂಬಯಿಯ ವಿಜೆಟಿಐಯಲ್ಲಿ ಎಂಜಿನಿಯರಿಂಗ್ ಪದವಿಯನ್ನೂ ಕಾನ್ಪುರದ ಐಐಟಿಯಲ್ಲಿ ಎಂ.ಟೆಕ್. ಪದವಿಯನ್ನೂ ಪಡೆದ ಅವರು ನಾಗಪುರದಲ್ಲಿ ಕಿಸಿಟ್ ಎಂಬ ತರಬೇತಿ ಸಂಸ್ಥೆಯನ್ನು ಕಟ್ಟಿದರು. ದೆಹಲಿಯ ಬಿಪಿಬಿ ಪ್ರಕಾಶನ ಹೊರತಂದ ಅವರ ‘ಲೆಟ್ ಅಸ್ ಸಿ’ ಆವೃತ್ತಿಯ ಮೇಲೆ ಆವೃತ್ತಿ ಕಂಡಿತು; ಅದರ ಹಿಂದೆಯೇ ಪಾಯಿಂಟರ್‌ಗಳಿಗೆಂದೇ ಮೀಸಲಾದ ಒಂದು ಪುಸ್ತಕ, ‘ಲೆಟ್ ಅಸ್ ಸಿ ಪ್ಲಸ್ ಪ್ಲಸ್’, ವಿಷುಯಲ್ ಸಿ ಪ್ಲಸ್ ಪ್ಲಸ್ ಕುರಿತ ಪುಸ್ತಕ ಮುಂತಾದವು ಬಂದವು. ಭಾರತೀಯ ಲೇಖಕರು ಕಡಿಮೆ ಬೆಲೆಯ ಪ್ರೋಗ್ರಾಮಿಂಗ್ ಪಠ್ಯಗಳನ್ನು ಬರೆಯುವ ಪರಂಪರೆ ಅದಕ್ಕಿಂತ ಹಳೆಯದು. ಕಾನ್ಪುರದಲ್ಲಿ ಕಲಿಸಿ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ವಿ. ರಾಜಾರಾಮನ್ ಅವರು 1960ರ ದಶಕದ ಕೊನೆಯಲ್ಲೇ ಅದಕ್ಕೆ ತಳಹದಿ ಹಾಕಿದ್ದರು. ರಾಜಾರಾಮನ್ ಬರೆದದ್ದು ಪ್ರಾಧ್ಯಾಪಕರ ಶೈಲಿಯಲ್ಲಿ. ಕಾನೇಟ್ಕರ್ ಅವರದು ಕ್ಲಾಸಿನ ಹಲಗೆಯ ಮುಂದೆ ನಿಂತವರ ಶೈಲಿ: ಅರ್ಧ ಪುಟದ ಪೂರ್ತಿ ಪ್ರೋಗ್ರಾಂ, ಅದರ ಔಟ್‌ಪುಟ್, ಆಮೇಲೆ ಸಾಲುಸಾಲಿನ ವಿವರಣೆ, ಅಧ್ಯಾಯದ ಕೊನೆಯಲ್ಲಿ ಔಟ್‌ಪುಟ್ ಏನು ಬರುತ್ತದೆ, ತಪ್ಪೇನಾದರೂ ಇದ್ದರೆ ಹುಡುಕಿ ಎಂಬ ಪ್ರಶ್ನೆಗಳು. ಕಂಪ್ಯೂಟರ್ ಮುಂದೆ ಕೂರುವ ಸರದಿ ವಾರಕ್ಕೊಮ್ಮೆ ಬರುತ್ತಿದ್ದ ವಿದ್ಯಾರ್ಥಿಗೆ ಕಾಗದದ ಮೇಲೆಯೇ ಪ್ರೋಗ್ರಾಂ ಓಡಿಸುವ ಈ ಅಭ್ಯಾಸ ಬಹಳ ಉಪಕಾರ ಮಾಡಿತು.

ಪಾಯಿಂಟರ್ ವಿವರಿಸಲು ಆ ಪುಸ್ತಕಗಳು ಒಂದು ಚೌಕ ಬರೆದು, ಅದರೊಳಗೆ ಬೆಲೆಯನ್ನೂ ಕೆಳಗೆ 65524 ಎಂಬಂಥ ಐದಂಕಿಯ ವಿಳಾಸವನ್ನೂ ನಮೂದಿಸುತ್ತಿದ್ದವು. ಆ ಸಂಖ್ಯೆ ಸುಮ್ಮನೆ ಬಂದದ್ದಲ್ಲ. ಆಗ ಎಲ್ಲೆಡೆ ಬಳಕೆಯಲ್ಲಿದ್ದದ್ದು ಬೋರ್ಲಂಡ್ ಕಂಪೆನಿಯ ಟರ್ಬೊ ಸಿ ಮತ್ತು 1990ರಲ್ಲಿ ಬಂದ ಟರ್ಬೊ ಸಿ ಪ್ಲಸ್ ಪ್ಲಸ್; ಅವು ಡಾಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಮೇಲೆ 16 ಬಿಟ್‌ಗಳ ಲೆಕ್ಕದಲ್ಲಿ ಕೆಲಸ ಮಾಡುತ್ತಿದ್ದವು, 16 ಬಿಟ್‌ಗಳಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ 65535. ಸಣ್ಣ ಪ್ರೋಗ್ರಾಮುಗಳಿಗೆ ಬಳಸುವ ಮೆಮೊರಿ ಮಾದರಿಯಲ್ಲಿ ಒಂದು ಪಾಯಿಂಟರಿನ ಅಳತೆ 2 ಬೈಟ್. ಹತ್ತು ಬೇಸ್ ಪಾಯಿಂಟರ್‌ಗಳ ಅರೇ 20 ಬೈಟ್‌ಗಳಲ್ಲಿ ಮುಗಿಯುತ್ತಿತ್ತು, ಅವುಗಳ ತುದಿಯಲ್ಲಿ ಕಾರಿದ್ದರೂ ಸರಿ, ಹಲವು ಆಕ್ಸಲ್‌ಗಳ ಭಾರಿ ವಾಹನವಿದ್ದರೂ ಸರಿ. ಕ್ಲಾಸಿಗೆ ಒಂದು ವರ್ಚುಯಲ್ ಫಂಕ್ಷನ್ ಸೇರಿಸಿದ ಕೂಡಲೇ ಆಬ್ಜೆಕ್ಟಿನ ಅಳತೆ 2 ಬೈಟ್ ಹೆಚ್ಚಾಗುತ್ತಿದ್ದುದು ಗುಪ್ತ ಪಾಯಿಂಟರಿನ ಕಾರಣದಿಂದ, ಮತ್ತು ಅದು ಎಷ್ಟು ಹೆಚ್ಚಾಯಿತು ಎಂಬುದು ಪರೀಕ್ಷೆಗಳಲ್ಲೂ ನೌಕರಿಯ ಸಂದರ್ಶನಗಳಲ್ಲೂ ಕೇಳುವ ಮೆಚ್ಚಿನ ಪ್ರಶ್ನೆಯಾಯಿತು. ಇಂದಿನ 64 ಬಿಟ್‌ಗಳ ಯಂತ್ರದಲ್ಲಿ ಅದೇ ಪಾಯಿಂಟರ್ 8 ಬೈಟ್ ಹಿಡಿಯುತ್ತದೆ.

ಟರ್ಬೊ ಸಿ ಪ್ಲಸ್ ಪ್ಲಸ್‌ನ ಫ್ಲಾಪಿಗಳಲ್ಲಿ ಕ್ಲಾಸ್‌ಲಿಬ್ ಎಂಬ ಡೈರೆಕ್ಟರಿ ಇತ್ತು. ಅದರಲ್ಲಿದ್ದದ್ದು ಸಿದ್ಧ ಕಂಟೇನರ್‌ಗಳ ಭಂಡಾರ. ಎಲ್ಲ ಕ್ಲಾಸುಗಳಿಗೂ ಮೂಲವಾದ ಆಬ್ಜೆಕ್ಟ್ ಎಂಬ ಹೆಸರಿನ ಒಂದೇ ಬೇಸ್ ಕ್ಲಾಸು, ಅದರಿಂದ ಬಂದ ಏನನ್ನಾದರೂ ಹಿಡಿಯಬಲ್ಲ ಪಟ್ಟಿ, ಗಣ, ಸರತಿ ಇತ್ಯಾದಿ. ಸ್ಮಾಲ್‌ಟಾಕ್ ಭಾಷೆಯ ಮಾದರಿಯಲ್ಲಿ ಇಂಥ ಭಂಡಾರವನ್ನು ಸಿ ಪ್ಲಸ್ ಪ್ಲಸ್‌ಗೆ ತಂದವರು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೀತ್ ಗಾರ್ಲೆನ್, 1980ರ ದಶಕದ ಉತ್ತರಾರ್ಧದಲ್ಲಿ. ಮೈಕ್ರೋಸಾಫ್ಟಿನ ಎಂಎಫ್‌ಸಿ ಭಂಡಾರವೂ 1992ರಲ್ಲಿ ಅದೇ ಹಾದಿ ಹಿಡಿಯಿತು. ಅಂದರೆ ಬೇಸ್ ಪಾಯಿಂಟರ್‌ಗಳ ಕಂಟೇನರಿನ ನಿಜವಾದ, ದೊಡ್ಡ ಪ್ರಮಾಣದ ಒಂದು ಬಳಕೆ ಪ್ರತಿ ವಿದ್ಯಾರ್ಥಿಯ ಡಿಸ್ಕಿನಲ್ಲೇ ಕೂತಿತ್ತು, ಪಠ್ಯಕ್ರಮ ಮಾತ್ರ ಆ ಡೈರೆಕ್ಟರಿಯ ಬಾಗಿಲು ತೆರೆಯಲಿಲ್ಲ.

ಪಠ್ಯಕ್ರಮ ತೆರೆದದ್ದು ಬೇರೆ ಬಾಗಿಲು. ದೇಶದ ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಪಾಠ ಇನ್ಹೆರಿಟೆನ್ಸಿನ ಬಗೆಗಳಿಂದ ಆರಂಭವಾಗುತ್ತಿತ್ತು: ಏಕ, ಬಹು, ಬಹುಹಂತದ್ದು, ಶ್ರೇಣೀಕೃತ, ಮಿಶ್ರ ಎಂಬ ವಿಂಗಡಣೆ, ಪ್ರತಿಯೊಂದಕ್ಕೂ ಬಾಣಗಳ ಚಿತ್ರ. ತಂದೆ ಕ್ಲಾಸು, ಮಗ ಕ್ಲಾಸು ಎಂಬ ಮಾತಿನಿಂದ ವಿದ್ಯಾರ್ಥಿಗೆ ಅದು ಆಸ್ತಿ ಹಂಚಿಕೆಯ ವ್ಯವಹಾರವೆಂಬ ಭಾವನೆ ಬರುತ್ತಿತ್ತು, ಒಬ್ಬರ ಕೋಡನ್ನು ಇನ್ನೊಬ್ಬರು ಪಡೆಯುವ ಸೌಕರ್ಯವೆಂದು ತೋರುತ್ತಿತ್ತು. ಬೇಸ್ ಪಾಯಿಂಟರಿನ ಪಾಠ ಬರುವ ಹೊತ್ತಿಗೆ ಸೆಮಿಸ್ಟರ್ ಮುಗಿಯುತ್ತಾ ಬಂದಿರುತ್ತಿತ್ತು, ಒಂದು ಪಾಯಿಂಟರಿಗೆ ಎರಡು ಆಬ್ಜೆಕ್ಟ್‌ಗಳ ವಿಳಾಸವನ್ನು ಒಂದಾದ ಮೇಲೊಂದು ಕೊಟ್ಟು ಎರಡು ಬಗೆಯ ಔಟ್‌ಪುಟ್ ತೋರಿಸುವುದರಲ್ಲಿ ಅದು ಮುಗಿಯುತ್ತಿತ್ತು. ಕಂಟೇನರೇ ಇಲ್ಲದಿರುವಾಗ ಆ ಆಬ್ಜೆಕ್ಟನ್ನು ನೇರವಾಗಿ ಕರೆಯಬಾರದೇಕೆ ಎಂಬ ವಿದ್ಯಾರ್ಥಿಯ ಸಂದೇಹಕ್ಕೆ ಉತ್ತರವೇ ಇರುತ್ತಿರಲಿಲ್ಲ. ಇದು ನಾಗಪುರದ ಪುಸ್ತಕಗಳದ್ದಷ್ಟೇ ದೋಷವಲ್ಲ. ಪುಸ್ತಕ ಪಠ್ಯಕ್ರಮವನ್ನು ಅನುಸರಿಸಿತು, ಪಠ್ಯಕ್ರಮ ಪ್ರಶ್ನೆಪತ್ರಿಕೆಗೆ ಅನುಕೂಲವಾದ ವಿಂಗಡಣೆಯನ್ನು ಅನುಸರಿಸಿತು.

ಹೊರಗಿನ ಜಗತ್ತಿನಲ್ಲಿ ಈ ನಡುವೆ ಎರಡು ಬದಲಾವಣೆಗಳಾದವು. ಅಲೆಕ್ಸಾಂಡರ್ ಸ್ಟೆಪನೋವ್ ರೂಪಿಸಿದ ಎಸ್‌ಟಿಎಲ್ ಎಂಬ ಕಂಟೇನರ್ ಭಂಡಾರವನ್ನು ಸಿ ಪ್ಲಸ್ ಪ್ಲಸ್‌ನ ಮಾನಕ ಸಮಿತಿ 1994ರಲ್ಲಿ ಅಂಗೀಕರಿಸಿತು, 1998ರ ಅಂತರರಾಷ್ಟ್ರೀಯ ಮಾನಕದಲ್ಲಿ ಅದು ಸೇರಿತು. ಅದರ ಕಂಟೇನರ್‌ಗಳು ಆಬ್ಜೆಕ್ಟಿನ ಪ್ರತಿಯನ್ನೇ ಇಟ್ಟುಕೊಳ್ಳುತ್ತವೆ. ವಾಹನಗಳ ಕಂಟೇನರ್ ಎಂದು ಘೋಷಿಸಿ ಅದಕ್ಕೆ ಟ್ರಕ್ಕನ್ನು ಸೇರಿಸಿದರೆ, ಮನೆಯ ಅಳತೆಗೆ ಹೊಂದುವ ವಾಹನದ ಭಾಗ ಮಾತ್ರ ಒಳಗೆ ಹೋಗಿ, ಸರಕಿನ ತೂಕ, ಆಕ್ಸಲ್‌ಗಳ ಸಂಖ್ಯೆ ಮುಂತಾದ ಟ್ರಕ್ಕಿನ ಭಾಗ ಕತ್ತರಿಸಿಹೋಗುತ್ತದೆ. ಶುಲ್ಕ ಕೇಳಿದರೆ ಟ್ರಕ್ಕಿನದಲ್ಲ, ಬರಿಯ ವಾಹನದ ಉತ್ತರ ಬರುತ್ತದೆ. ಇದಕ್ಕೆ ಸ್ಲೈಸಿಂಗ್ ಎನ್ನುತ್ತಾರೆ. ಕಂಪೈಲರ್ ಒಂದು ಮಾತೂ ಆಡದೆ ಇದನ್ನು ಒಪ್ಪಿಕೊಳ್ಳುವುದರಿಂದ ಈ ತಪ್ಪು ಕಾಣುವುದು ಫಲಿತಾಂಶದಲ್ಲಿ ಮಾತ್ರ. ಆದ್ದರಿಂದ ಹೊಸ ಕಂಟೇನರ್‌ಗಳಲ್ಲೂ ಬಗೆಬಗೆಯ ಆಬ್ಜೆಕ್ಟ್‌ಗಳಿಗೆ ಬೇಸ್ ಪಾಯಿಂಟರೇ ಗತಿಯಾಯಿತು, ಅದರೊಂದಿಗೆ ಅಳಿಸುವ ಹೊಣೆಯೂ ಉಳಿಯಿತು. ಅಳಿಸುವಾಗ ಇನ್ನೊಂದು ಎಡವಟ್ಟಿದೆ: ಆಬ್ಜೆಕ್ಟ್ ಕೊನೆಗೊಳ್ಳುವಾಗ ತನ್ನ ಲೆಕ್ಕ ಚುಕ್ತಾ ಮಾಡಲು ಓಡುವ ಡಿಸ್ಟ್ರಕ್ಟರ್ ಎಂಬ ಫಂಕ್ಷನ್ ಬೇಸ್ ಕ್ಲಾಸಿನಲ್ಲಿ ವರ್ಚುಯಲ್ ಆಗಿರದಿದ್ದರೆ, ಬೇಸ್ ಪಾಯಿಂಟರಿನ ಮೂಲಕ ಅಳಿಸಿದಾಗ ಏನಾಗುತ್ತದೆ ಎಂಬುದಕ್ಕೆ ಭಾಷೆ ಯಾವ ಭರವಸೆಯನ್ನೂ ಕೊಡುವುದಿಲ್ಲ, ಸಾಮಾನ್ಯವಾಗಿ ಡಿರೈವ್ಡ್ ಭಾಗದ ಡಿಸ್ಟ್ರಕ್ಟರ್ ಓಡುವುದೇ ಇಲ್ಲ.

ಎರಡನೆಯ ಬದಲಾವಣೆ ಬಂದದ್ದು 2011ರ ಮಾನಕದಲ್ಲಿ. 1998ರ ಮಾನಕದಲ್ಲಿ ಆಟೊ ಪಾಯಿಂಟರ್ ಎಂಬ, ತಾನು ಹಿಡಿದ ಆಬ್ಜೆಕ್ಟನ್ನು ತಾನೇ ಅಳಿಸುವ ಪಾಯಿಂಟರ್ ಇತ್ತಾದರೂ, ಅದನ್ನು ಪ್ರತಿ ಮಾಡಿದರೆ ಮೂಲ ಬರಿದಾಗುತ್ತಿದ್ದುದರಿಂದ ಕಂಟೇನರಿನಲ್ಲಿ ಇಡಲು ಬರುತ್ತಿರಲಿಲ್ಲ. 2011ರಲ್ಲಿ ಒಬ್ಬನೇ ಒಡೆಯನಿರುವ ಯುನೀಕ್ ಪಾಯಿಂಟರೂ, ಎಷ್ಟು ಜನ ಒಡೆಯರಿದ್ದಾರೆಂದು ಎಣಿಸುತ್ತಾ ಕೊನೆಯವನು ಹೋದಾಗ ಅಳಿಸುವ ಶೇರ್ಡ್ ಪಾಯಿಂಟರೂ ಸೇರಿದವು. ಎರಡನ್ನೂ ಕಂಟೇನರಿನಲ್ಲಿ ಇಡಬಹುದು, ಕಂಟೇನರ್ ಹೋದಾಗ ಆಬ್ಜೆಕ್ಟ್‌ಗಳೂ ಹೋಗುತ್ತವೆ. ಸಿಮ್ಯುಲಾದಲ್ಲಿ 1967ರಲ್ಲೇ ಇದ್ದ ನೆಮ್ಮದಿಯ ಒಂದಂಶ ಸಿ ಪ್ಲಸ್ ಪ್ಲಸ್‌ಗೆ ಮರಳಲು ನಾಲ್ವತ್ತನಾಲ್ಕು ವರ್ಷ ಹಿಡಿಯಿತು.

ಭಾರತದ ಪ್ರಯೋಗಾಲಯಗಳಿಗೆ ಅದು ತಲುಪಲು ಇನ್ನೂ ತಡವಾಯಿತು. ವಿಂಡೋಸ್ 64 ಬಿಟ್‌ಗೆ ಬದಲಾಗಿ ಟರ್ಬೊ ಸಿ ಪ್ಲಸ್ ಪ್ಲಸ್ ನೇರವಾಗಿ ಓಡದಂತಾದಾಗ, ಡಾಸ್‌ಬಾಕ್ಸ್ ಎಂಬ ಅನುಕರಣ ತಂತ್ರಾಂಶದೊಳಗೆ ಕೂರಿಸಿಯಾದರೂ ಅದನ್ನೇ ಓಡಿಸಿದ ಕಾಲೇಜುಗಳು ದೇಶದಲ್ಲಿ ಕಡಿಮೆಯಿರಲಿಲ್ಲ. ನೀಲಿ ಪರದೆ, ಆರಂಭದಲ್ಲಿ ಪರದೆ ಒರೆಸುವ ಆದೇಶ, ಕೊನೆಯಲ್ಲಿ ಒಂದು ಕೀಲಿ ಒತ್ತುವವರೆಗೆ ಕಾಯುವ ಗೆಟ್‌ಚ್, ಇವು ಒಂದು ತಲೆಮಾರಿನ ಕೈಗೆ ಅಂಟಿದ ಅಭ್ಯಾಸಗಳು. ಆ ಪರಿಸರದಲ್ಲಿ ಬರೆದ ಪ್ರೋಗ್ರಾಂ ಕ್ಷಣಾರ್ಧದಲ್ಲಿ ಮುಗಿದು, ಅದು ಬಳಸಿದ ಮೆಮೊರಿಯನ್ನೆಲ್ಲ ಡಾಸ್ ಮರಳಿ ಪಡೆಯುತ್ತಿದ್ದುದರಿಂದ, ಅಳಿಸದೆ ಬಿಟ್ಟ ಆಬ್ಜೆಕ್ಟಿನ ಪರಿಣಾಮ ಯಾರ ಕಣ್ಣಿಗೂ ಬೀಳಲಿಲ್ಲ. ತಿಂಗಳುಗಟ್ಟಲೆ ನಿಲ್ಲದೆ ಓಡುವ ಬ್ಯಾಂಕಿನ ಅಥವಾ ದೂರವಾಣಿ ವಿನಿಮಯದ ತಂತ್ರಾಂಶಕ್ಕೆ ಅದೇ ಅಭ್ಯಾಸದೊಂದಿಗೆ ಕೈಹಾಕಿದಾಗಷ್ಟೇ ಅದರ ಬೆಲೆ ತಿಳಿಯುವುದು.

2017ರ ಮಾನಕ ವೇರಿಯಂಟ್ ಎಂಬ ಇನ್ನೊಂದು ದಾರಿ ತೋರಿಸಿದೆ: ಬಗೆಗಳು ಯಾವುವೆಂದು ಮೊದಲೇ ಗೊತ್ತಿದ್ದರೆ, ಅವುಗಳಲ್ಲಿ ಅತಿ ದೊಡ್ಡದಕ್ಕೆ ಸಾಲುವಷ್ಟು ಮನೆಗಳನ್ನು ಮಾಡಿ, ಪಾಯಿಂಟರಿನ ಹಂಗಿಲ್ಲದೆ ಆಬ್ಜೆಕ್ಟ್‌ಗಳನ್ನೇ ಇಡಬಹುದು. ಆದರೂ ನಾಳೆ ಯಾವ ಹೊಸ ಬಗೆ ಸೇರೀತೆಂದು ಹೇಳಲಾಗದ ಕಡೆ ಬೇಸ್ ಪಾಯಿಂಟರಿಗೆ ಸಮನಾದದ್ದು ಬಂದಿಲ್ಲ. ವಿಶ್ವೇಶ್ವರಯ್ಯನವರ ಹೆಸರಿನ ಕಾಲೇಜು 2002ರ ಜೂನ್‌ನಲ್ಲಿ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಾಯಿತು, ನಾಗಪುರಕ್ಕೆ 2016ರಲ್ಲಿ ಐಐಐಟಿಯೂ ಬಂತು, ಅಲ್ಲಿನ ಮಿಹಾನ್ ಪ್ರದೇಶದಲ್ಲಿ ದೊಡ್ಡ ತಂತ್ರಾಂಶ ಕಂಪೆನಿಗಳು ನೆಲೆಯೂರಿವೆ. ಕಲಿಸುವವರಿಗೂ ಯಂತ್ರಗಳಿಗೂ ಇದ್ದ ಹಳೆಯ ಬರ ಈಗಿಲ್ಲ. ಹೀಗಿರುವಾಗ ಪಠ್ಯಕ್ರಮ ರೂಪಿಸುವವರು, ನಾಗಪುರದಲ್ಲಾಗಲಿ ಬೆಳಗಾವಿಯಲ್ಲಾಗಲಿ, ಇನ್ಹೆರಿಟೆನ್ಸಿನ ಐದು ಬಗೆಗಳ ಚಿತ್ರವನ್ನು ಹಿಂದಕ್ಕೆ ಸರಿಸಿ, ಬಗೆಬಗೆಯ ಆಬ್ಜೆಕ್ಟ್‌ಗಳ ಸರತಿಯನ್ನು ಮೊದಲ ವಾರದ ಪಾಠವಾಗಿಸಬೇಕು, ಅದೇ ವಾರ ವರ್ಚುಯಲ್ ಡಿಸ್ಟ್ರಕ್ಟರನ್ನೂ ಯುನೀಕ್ ಪಾಯಿಂಟರನ್ನೂ ಹೇಳಿಕೊಡಬೇಕು.